ಮ್ಯೂಸಿಯಂ ದಾರಿ ನಮ್ಮೂರ ಕಲ್ಲಿನಿಂದಲೇ ಶುರುವಾಗಲಿ

ತಿರುಮಕೂಡಲು ನರಸೀಪುರದ ಹೊಳೆದಡದಲ್ಲಿ ಮೂರೂವರೆ ಸಾವಿರ ವರ್ಷಗಳ ಹಿಂದೆ ಬದುಕಿದ್ದ ಜನ ಮಲಗುವಾಗ ತಲೆಗೆ ಏನು ಇಟ್ಟುಕೊಳ್ಳುತ್ತಿದ್ದರು? ಏಳನೇ ತರಗತಿಯ ಮಕ್ಕಳನ್ನು ಈ ಪ್ರಶ್ನೆ ಕೇಳಿ ನೋಡಿ. ಕಲ್ಲು ಎನ್ನುತ್ತಾರೆ, ತೋಳು ಎನ್ನುತ್ತಾರೆ, ಹುಲ್ಲಿನ ಕಂತೆ ಎನ್ನುತ್ತಾರೆ. ಆ ಮಣ್ಣಿನಲ್ಲಿ ನಿಜಕ್ಕೂ ಸಿಕ್ಕಿದ್ದು ಸುಟ್ಟ ಮಣ್ಣಿನ ತಲೆಗೊರಗು. ಕುತ್ತಿಗೆ ಕೂರುವಂತೆ ನೆತ್ತಿಯ ಭಾಗ ತಗ್ಗಾಗಿರುವ, ನೆಲದಿಂದ ತುಸು ಎತ್ತರಿಸಿದ ಸಾಧನ. ಇಂಥ ತಲೆಗೊರಗುಗಳನ್ನು ಪ್ರಾಚೀನ ಈಜಿಪ್ಟಿನವರೂ ಬಳಸುತ್ತಿದ್ದರು. ಟುಟಾಂಖಾಮನ್ ಎಂಬ ಬಾಲರಾಜನ ಸಮಾಧಿಯಲ್ಲಿ ದಂತದ ತಲೆಗೊರಗೇ ದೊರೆತಿದೆ. ಇಥಿಯೋಪಿಯಾ, ಕೆನ್ಯಾದ ದನಗಾಹಿ ಜನ ಮರದಲ್ಲಿ ಕೆತ್ತಿದ ತಲೆಗೊರಗನ್ನು ಇಂದಿಗೂ ಹೆಗಲಿಗೆ ಹಾಕಿಕೊಂಡು ತಿರುಗುತ್ತಾರೆ. ಅಲಂಕರಿಸಿದ ತಲೆಗೂದಲು ಕೆಡದಿರಲಿ ಎಂಬುದೂ ಅವರು ಅದನ್ನು ಬಳಸುವುದಕ್ಕೆ ಒಂದು ಕಾರಣ. ಹಾಗಾದರೆ ಕಾವೇರಿ, ಕಪಿಲೆಯರ ಸಂಗಮದಲ್ಲಿದ್ದವರೂ ತಲೆಗೂದಲು ಸಿಂಗರಿಸಿಕೊಳ್ಳುತ್ತಿದ್ದರೇ? ಈ ಒಂದು ವಸ್ತುವಿನಿಂದ ಹತ್ತು ಪ್ರಶ್ನೆಗಳು ಹುಟ್ಟುತ್ತವೆ. ಇತಿಹಾಸದ ಪಾಠ ಎಂದರೆ ಇದೇ.

ಮೈಸೂರು ವಿಶ್ವವಿದ್ಯಾಲಯದ ಪ್ರೊ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ಟಿ. ನರಸೀಪುರದ ಉತ್ಖನನ 1959ರಲ್ಲಿ ಆರಂಭವಾಯಿತು. ಅದರ ವರದಿ ಪ್ರಕಟವಾದದ್ದು 1971ರಲ್ಲಿ. ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಗಳು, ಕೈಯಲ್ಲೇ ತಟ್ಟಿ ಮಾಡಿದ ಬೂದುಬಣ್ಣದ ಮಡಕೆಗಳು, ಶವಸಂಸ್ಕಾರದ ಕುರುಹುಗಳು ಅಲ್ಲಿ ಬೆಳಕಿಗೆ ಬಂದವು. ನವಶಿಲಾಯುಗದ ದಕ್ಷಿಣ ಭಾರತವನ್ನು ಕುರಿತು ಯಾರೇ ಬರೆದರೂ ಟಿ. ನರಸೀಪುರದ ಹೆಸರು ಬಿಡುವಂತಿಲ್ಲ. ಆದರೆ ನರಸೀಪುರದ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ವಿಷಯ ಗೊತ್ತು? ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ ಗೊತ್ತು, ಗುಂಜಾ ನರಸಿಂಹಸ್ವಾಮಿಯ ಗುಡಿ ಗೊತ್ತು, ಅಗಸ್ತ್ಯೇಶ್ವರ ಗೊತ್ತು. ಹೊಳೆದಡದಲ್ಲಿ ಮೊದಲು ಒಲೆ ಹೂಡಿದವರ ಸುದ್ದಿ ಮಾತ್ರ ಅವರ ಕಿವಿಗೆ ಬಿದ್ದಿಲ್ಲ.

ಓಡುತ್ತಾ ನೋಡುವ ಪ್ರವಾಸ

ಡಿಸೆಂಬರ್ ಹೊತ್ತಿಗೆ ನಂಜನಗೂಡು, ನರಸೀಪುರ ತಾಲ್ಲೂಕುಗಳ ಶಾಲೆಗಳಲ್ಲಿ ಪ್ರವಾಸದ ಸಡಗರ. ನಂಜನಗೂಡಿನಿಂದ ಮೈಸೂರು ಇಪ್ಪತ್ತೈದು ಕಿಲೋಮೀಟರಿನೊಳಗೆ, ನರಸೀಪುರದಿಂದ ಮೂವತ್ತರ ಆಸುಪಾಸು. ಬೆಳಗಿನ ಜಾವ ಬಸ್ಸು ಹೊರಟರೆ ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಸಂಜೆಗೆ ಕೆಆರ್‌ಎಸ್ ಬೃಂದಾವನ. ಇವುಗಳ ನಡುವೆ ಎಲ್ಲಾದರೂ ಅರ್ಧ ಗಂಟೆ ಉಳಿದರೆ ಒಂದು ವಸ್ತುಸಂಗ್ರಹಾಲಯ. ಮಕ್ಕಳು ಸಾಲಾಗಿ ಒಂದು ಬಾಗಿಲಿನಿಂದ ಒಳಗೆ ಹೋಗುತ್ತಾರೆ, ಇನ್ನೊಂದು ಬಾಗಿಲಿನಿಂದ ಹೊರಗೆ ಬರುತ್ತಾರೆ. ನಿಂತು ನೋಡುವ ಹುಡುಗಿಯನ್ನು ಹಿಂದಿನಿಂದ ಸಾಲು ತಳ್ಳುತ್ತದೆ. 'ಮುಟ್ಟಬೇಡಿ', 'ಮುಂದೆ ನಡೀರಿ' ಎಂಬ ಎರಡು ಮಾತು ಬಿಟ್ಟರೆ ಅಲ್ಲಿ ಅವರ ಕಿವಿಗೆ ಬೀಳುವುದು ಕಡಿಮೆ. ಊರಿಗೆ ಹಿಂದಿರುಗಿದ ಮೇಲೆ ಅವರ ಬಾಯಲ್ಲಿ ಉಳಿಯುವುದು ಹುಲಿ, ಜಿರಾಫೆ ಮತ್ತು ಬಣ್ಣದ ಕಾರಂಜಿ.

ಇದರಲ್ಲಿ ಮೇಷ್ಟ್ರುಗಳ ತಪ್ಪೇನೂ ಇಲ್ಲ. ಎಂಬತ್ತು ಮಕ್ಕಳನ್ನು ಲೆಕ್ಕ ಇಟ್ಟು, ಊಟ ಹಾಕಿಸಿ, ವಾಂತಿ ಮಾಡಿಕೊಂಡ ಮಗುವಿಗೆ ನೀರು ಕೊಟ್ಟು, ಕತ್ತಲಾಗುವುದರೊಳಗೆ ಎಲ್ಲರನ್ನೂ ಮನೆ ಸೇರಿಸುವುದೇ ಅವರಿಗೆ ದೊಡ್ಡ ಹೊಣೆ. ಅರಮನೆ, ಮೃಗಾಲಯ ಬೇಡ ಎಂದು ಹೇಳುವ ಹಕ್ಕೂ ಯಾರಿಗೂ ಇಲ್ಲ. ಎಷ್ಟೋ ಮಕ್ಕಳಿಗೆ ತಾಲ್ಲೂಕು ದಾಟುವ ಮೊದಲ ಅವಕಾಶ ಅದು. ನನ್ನ ಮಾತು ಇಷ್ಟೇ: ವಸ್ತುಸಂಗ್ರಹಾಲಯದ ಭೇಟಿ ಮೈಸೂರಿನಲ್ಲಿ ಶುರುವಾಗಬಾರದು. ಅದು ಮಕ್ಕಳ ಊರಿನಲ್ಲೇ, ಊರ ಮುಂದಿನ ಕಲ್ಲಿನಲ್ಲೇ ಶುರುವಾಗಬೇಕು. ತನ್ನ ಊರಿನದೊಂದು ತುಣುಕನ್ನು ಕಂಡು ಹೋದ ಮಗು ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ನೆಂಟರ ಮನೆಗೆ ಬಂದಂತೆ ನಿಲ್ಲುತ್ತದೆ. ಏನನ್ನೂ ಕಾಣದೆ ಹೋದ ಮಗುವಿಗೆ ಅಲ್ಲಿರುವುದೆಲ್ಲ ಹಳೆಯ ಮಡಕೆ ಚೂರು.

ದೊಡ್ಡಹುಂಡಿಯ ದೊರೆ, ಅವನ ಸೇವಕ

ಊರಿನ ಕಲ್ಲು ಎಷ್ಟು ದೂರ ಕರೆದೊಯ್ಯಬಲ್ಲದು ಎನ್ನುವುದಕ್ಕೆ ಟಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯೇ ಸಾಕ್ಷಿ. ಆ ಊರಿನಲ್ಲಿ ಸಿಕ್ಕ ಸ್ಮಾರಕಶಿಲೆಯೊಂದು ಗಂಗರ ಚರಿತ್ರೆ ಓದುವವರಿಗೆಲ್ಲ ಚಿರಪರಿಚಿತ. ಕಾಲ 9ನೆಯ ಶತಮಾನ. ಗಂಗ ದೊರೆ ನೀತಿಮಾರ್ಗನ ಕೊನೆಯ ಗಳಿಗೆಯನ್ನು ಶಿಲ್ಪಿ ಅದರ ಮೇಲೆ ಕಂಡರಿಸಿದ್ದಾನೆ. ಮಂಚದ ಮೇಲೆ ಒರಗಿದ ದೊರೆ. ಅವನಿಗೆ ಆಸರೆಯಾಗಿರುವ ನಿಷ್ಠಾವಂತ ಸೇವಕ ಅಗರಯ್ಯ. ಎದುರಿಗೆ ನಿಂತಿರುವ ಹಿರಿಯ ಮಗ ಸತ್ಯವಾಕ್ಯ. ಜೊತೆಯಲ್ಲಿ ಹಳಗನ್ನಡದ ಸಾಲುಗಳು.

ಈ ಕಲ್ಲನ್ನು ಸ್ವಲ್ಪ ಹೊತ್ತು ನೋಡಬೇಕು. ಯುದ್ಧ ಗೆದ್ದ ದೊರೆಗಳ ಶಾಸನಗಳು ಬೇಕಾದಷ್ಟಿವೆ. ಆನೆ ಏರಿದವರು, ಬಿಲ್ಲು ಎತ್ತಿದವರು, ವೈರಿಯ ತಲೆ ಕಡಿದವರು ನಾಡಿನ ವೀರಗಲ್ಲುಗಳ ತುಂಬ ಇದ್ದಾರೆ. ಇಲ್ಲಿ ಅದು ಯಾವುದೂ ಇಲ್ಲ. ಸಾಯುತ್ತಿರುವ ಒಬ್ಬ ಮನುಷ್ಯ ಇದ್ದಾನೆ, ಅವನನ್ನು ಬಿಟ್ಟು ಕದಲದ ಇನ್ನೊಬ್ಬ ಇದ್ದಾನೆ, ಮುಂದೆ ರಾಜ್ಯ ಹೊರಬೇಕಾದ ಮಗ ಇದ್ದಾನೆ. ರಾಜನ ಹೆಸರಿನೊಡನೆ ಸೇವಕನ ಹೆಸರನ್ನೂ ಕಲ್ಲು ಉಳಿಸಿಕೊಂಡಿದೆ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಮೇಲೂ ಅಗರಯ್ಯ ಎಂಬ ಹೆಸರನ್ನು ನಾವು ಓದಬಲ್ಲೆವು. ಪರೀಕ್ಷೆಗೆಂದು ಗಂಗರ ದೊರೆಗಳ ಪಟ್ಟಿ ಬಾಯಿಪಾಠ ಮಾಡುವ ಮಕ್ಕಳಿಗೆ ಈ ಒಂದು ಚಿತ್ರ ತೋರಿಸಿದರೆ ನೀತಿಮಾರ್ಗ ಎಂಬುದು ಬರೀ ಹೆಸರಾಗಿ ಉಳಿಯುವುದಿಲ್ಲ. ಅದೂ ಅವರದೇ ತಾಲ್ಲೂಕಿನ ಕಲ್ಲು.

ಶಾಲೆ ತಪಾಸಣೆಗೆ ಹೊರಟವರು ಶಾಸನ ಓದಿದ್ದು

ಇಂಥ ಕಲ್ಲುಗಳನ್ನು ಹುಡುಕಿ ಓದಿಸಿದ ಬೆಂಜಮಿನ್ ಲೂಯಿಸ್ ರೈಸ್ ಮೊದಲಿಗೆ ಶಿಕ್ಷಣ ಇಲಾಖೆಯವರು ಎಂಬುದನ್ನು ನಮ್ಮ ಮೇಷ್ಟ್ರುಗಳು ಹೆಮ್ಮೆಯಿಂದ ನೆನೆಯಬೇಕು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಶಾಲೆಯ ಮುಖ್ಯಸ್ಥರಾಗಿ, ಶಾಲಾ ತನಿಖಾಧಿಕಾರಿಯಾಗಿ ಕೆಲಸ ಮಾಡಿದವರು. ಶಾಲೆಗಳ ತಪಾಸಣೆಗೆಂದು ಊರೂರು ಸುತ್ತುವಾಗ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಮುಂದೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಹೊಣೆ ಹೊತ್ತು ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪುಟಗಳಲ್ಲಿ ಪ್ರಕಟಿಸಿದರು. 1894ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ ತಿರುಮಕೂಡಲು ನರಸೀಪುರ, ನಂಜನಗೂಡು ಎರಡೂ ತಾಲ್ಲೂಕುಗಳ ಶಾಸನಗಳಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಅದರ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಶಾಸನದ ಪಾಠ ಅಲ್ಲಿ ಕನ್ನಡ ಲಿಪಿಯಲ್ಲೇ ಸಿಗುತ್ತದೆ.

ಊರಿನ ಹೆಸರು ಹಿಡಿದು ಈ ಸಂಪುಟಗಳನ್ನು ತಿರುವಿ ಹಾಕಿದರೆ ಸಾಕು. ಯಾವ ಊರಿನ ಯಾವ ಗುಡಿಯ ಎಡಕ್ಕೆ, ಯಾರ ಹೊಲದಲ್ಲಿ, ಯಾವ ಬಾವಿಯ ಬಳಿ ಕಲ್ಲು ನಿಂತಿದೆ ಎಂಬ ವಿವರವೂ ಸಿಗುತ್ತದೆ. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಲಭ್ಯ. ಒಬ್ಬ ಶಿಕ್ಷಕಿ ಒಂದು ಸಂಜೆ ಕೂತರೆ ತನ್ನ ಶಾಲೆಯ ಸುತ್ತಣ ಊರುಗಳ ಕಲ್ಲುಗಳನ್ನು ಗುರುತು ಹಾಕಿಕೊಳ್ಳಬಹುದು. ಮಾರನೆಯ ದಿನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ನಡೆಯಬಹುದು. ಅದಕ್ಕೆ ಬಸ್ಸು ಬೇಡ, ಪ್ರವಾಸದ ಶುಲ್ಕ ಬೇಡ. ಶಾಸನ ಅಲ್ಲೇ ಇದೆಯೇ, ಅರ್ಧ ಹೂತುಹೋಗಿದೆಯೇ, ಕಾಣೆಯಾಗಿದೆಯೇ ಎಂದು ನೋಡುವುದೇ ಮಕ್ಕಳ ಮೊದಲ ಸಂಶೋಧನೆ. ಹೊಯ್ಸಳರ ಕಾಲದ ಅಕ್ಷರಗಳಲ್ಲಿ ಇಂದಿನ ಕನ್ನಡದ 'ಗ', 'ರ', 'ನ'ಗಳನ್ನು ಗುರುತಿಸುವಾಗ ಅವರ ಮುಖ ಅರಳುವುದನ್ನು ಕಂಡ ಯಾವ ಮೇಷ್ಟ್ರೂ ಮತ್ತೆ ಇತಿಹಾಸವನ್ನು ಪಠ್ಯಪುಸ್ತಕಕ್ಕೆ ಮಾತ್ರ ಕಟ್ಟಿಹಾಕಲಾರರು.

ಊರಿನದೊಂದು, ಮೈಸೂರಿನದೊಂದು

ಊರಿನಲ್ಲಿ ಕಂಡದ್ದಕ್ಕೂ ಮೈಸೂರಿನಲ್ಲಿ ಕಾಣಬೇಕಾದದ್ದಕ್ಕೂ ನಂಟು ಹಾಕುವುದು ಕಷ್ಟವಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯರೊಡನೆ ಕೈಮುಗಿದು ನಿಂತ ಭಕ್ತವಿಗ್ರಹಗಳಿವೆ. ಜಾತ್ರೆಗೆ ಬರುವ ಮಕ್ಕಳು ಅವನ್ನು ದಾಟಿಕೊಂಡೇ ಹೋಗುತ್ತಾರೆ. ಅದೇ ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ್ದು ಮೈಸೂರಿನ ಜಗನ್ಮೋಹನ ಅರಮನೆ. 1915ರಿಂದ ಅದು ಚಿತ್ರಶಾಲೆ. ಗುಡಿಯಲ್ಲಿ ಕಲ್ಲಾಗಿ ನಿಂತ ದೊರೆಯನ್ನು ಮೊದಲು ನೋಡಿದ ಮಕ್ಕಳು ಅವರ ಅರಮನೆಯೊಳಗೆ ಕಾಲಿಟ್ಟಾಗ ಆ ಕಾಲ ಕಣ್ಣಿಗೆ ಕಟ್ಟುತ್ತದೆ.

ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ದಳವಾಯಿಗಳ ಕಾಲದ ಆ ಸೇತುವೆಯ ಮೇಲೆ ಜನ, ಗಾಡಿಗಳ ಜೊತೆಗೆ ಮುಂದೆ ರೈಲೂ ಓಡಿತು. ದಳವಾಯಿಗಳ ಮೂಲ ನೆಲೆ ಕಳಲೆಯೂ ಇದೇ ತಾಲ್ಲೂಕಿನದು. ಸೇತುವೆಯ ಕಮಾನುಗಳನ್ನು ಎಣಿಸಿ, ಕಲ್ಲನ್ನು ಕಲ್ಲಿಗೆ ಹೇಗೆ ಕೂರಿಸಿದ್ದಾರೆಂದು ನೋಡಿದ ಮಕ್ಕಳನ್ನು 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಉಗಿಬಂಡಿಯ ತೂಕ ಹೊರಲು ಆ ಕಮಾನುಗಳು ಎಷ್ಟು ಗಟ್ಟಿಯಿರಬೇಕಿತ್ತು ಎಂದು ಅವರೇ ಕೇಳುತ್ತಾರೆ. ಹದಿನಾರು ಎಂಬ ಹೆಸರಿನ ಗ್ರಾಮದ ಮಕ್ಕಳಿಗೆ ಇನ್ನೂ ಹತ್ತಿರದ ದಾರಿಯಿದೆ. ಯದುರಾಯ, ಕೃಷ್ಣರಾಯ ಎಂಬ ಸೋದರರು ಬಂದು ಒಡೆಯರ ವಂಶಕ್ಕೆ ನಾಂದಿ ಹಾಡಿದರು ಎನ್ನುವ 1399ರ ಐತಿಹ್ಯ ಅವರ ಊರನ್ನೇ ಹೆಸರಿಸುತ್ತದೆ. ಅಂಬಾವಿಲಾಸ ಅರಮನೆಯ ಕಥೆ ಆ ಮಕ್ಕಳಿಗೆ ತಮ್ಮೂರಿನಿಂದಲೇ ಮೊದಲಾಗುತ್ತದೆ.

ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯವಂತೂ ಈ ಎರಡು ತಾಲ್ಲೂಕಿನ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಮಂಟೇಸ್ವಾಮಿ, ಮಾದಪ್ಪನ ಕಥೆಗಳು ಹರಡಿದ ನೆಲ ಇದು. ಕಂಸಾಳೆಯವರು, ನೀಲಗಾರರು ಮನೆಬಾಗಿಲಿಗೆ ಬಂದು ಹಾಡಿದ್ದನ್ನು ಅಜ್ಜಿಯರು ಕೇಳಿದ್ದಾರೆ, ಎಷ್ಟೋ ಮಕ್ಕಳು ಈಗಲೂ ಕೇಳುತ್ತಾರೆ. ಬೀಸುಕಲ್ಲು, ಒನಕೆ, ಕೊಳಗ, ಸೇರು, ತೊಗಲುಗೊಂಬೆಗಳನ್ನು ಸಂಗ್ರಹಾಲಯದಲ್ಲಿ ಕಂಡಾಗ 'ನಮ್ಮ ಹಟ್ಟೀಲೂ ಇದೆ' ಎಂದು ಒಂದು ಮಗುವಾದರೂ ಕೂಗುತ್ತದೆ. ತನ್ನ ಮನೆಯ ಅಟ್ಟದ ಮೇಲಿನ ವಸ್ತುವೂ ಚರಿತ್ರೆ ಎಂದು ಆ ಮಗು ಕಂಡುಕೊಂಡ ಕ್ಷಣಕ್ಕಾಗಿ ಇಡೀ ಪ್ರವಾಸ ಮಾಡಬಹುದು. ಅರಸರ ಕತ್ತಿ, ಸಿಂಹಾಸನಗಳಷ್ಟೇ ಇತಿಹಾಸ ಎಂದು ನಂಬಿ ಬೆಳೆದ ಮಕ್ಕಳಿಗೆ ತಮ್ಮ ಕುಲದವರು, ತಮ್ಮ ಕೇರಿಯವರು ಈ ನಾಡಿನ ಕಥೆಯಲ್ಲಿ ಎಲ್ಲಿದ್ದಾರೆ ಎಂಬ ಪ್ರಶ್ನೆ ಕಾಡುತ್ತದೆ. ಅದಕ್ಕೆ ಉತ್ತರದ ಒಂದು ಎಳೆ ಇಲ್ಲಿ ಸಿಗುತ್ತದೆ. ಗಾಂಧೀಜಿ ಕಾಲಿಟ್ಟ ಬದನವಾಳುವಿನ ಖಾದಿ ಕೇಂದ್ರವನ್ನೂ ಇದೇ ಕಣ್ಣಿನಿಂದ ತೋರಿಸಬೇಕು. ನೂಲುವ ಕೈಗಳ ಚರಿತ್ರೆ ಅದು.

ಸೋಮನಾಥಪುರದಲ್ಲಿ ರುಜು ಹುಡುಕುವ ಆಟ

ಚಾವಣಿ, ಗಾಜಿನ ಪೆಟ್ಟಿಗೆ ಇಲ್ಲದ ವಸ್ತುಸಂಗ್ರಹಾಲಯಗಳೂ ನರಸೀಪುರ ತಾಲ್ಲೂಕಿನಲ್ಲಿವೆ. ಗಂಗರ ರಾಜಧಾನಿಯಾಗಿದ್ದ ತಲಕಾಡಿನಲ್ಲಿ ಮರಳನ್ನು ಸರಿಸಿ 1990ರ ದಶಕದಲ್ಲಿ ಉತ್ಖನನ ನಡೆಯಿತು. ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ಗುಡಿ ಅಲ್ಲಿದೆ. ತಲಕಾಡಿಗೆ ಹೋದ ಮಕ್ಕಳು ಮಾಲಂಗಿ ಮಡುವಿನ ಶಾಪದ ಕಥೆಯನ್ನು ಕೇಳಿಯೇ ಇರುತ್ತಾರೆ. ಆ ಕಥೆಯ ಜೊತೆಗೆ ನದಿ ತಿರುವಿನಲ್ಲಿ ಮರಳು ಹೇಗೆ ಸೇರುತ್ತದೆ, ಗಾಳಿ ಅದನ್ನು ಹೇಗೆ ಒಟ್ಟುತ್ತದೆ, ಪುರಾತತ್ವದವರು ಪದರ ಪದರವಾಗಿ ಹೇಗೆ ಅಗೆಯುತ್ತಾರೆ ಎಂಬುದನ್ನೂ ಹೇಳಿದರೆ ಭೂಗೋಳ, ವಿಜ್ಞಾನ, ಇತಿಹಾಸ ಮೂರೂ ಒಂದೇ ಮರಳದಿಬ್ಬದ ಮೇಲೆ ಕೂಡುತ್ತವೆ.

ಸೋಮನಾಥಪುರದ ಕೇಶವ ದೇವಾಲಯ 13ನೆಯ ಶತಮಾನದ್ದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಅದನ್ನು ಕಟ್ಟಿಸಿದ. ಬೇಲೂರು, ಹಳೇಬೀಡುಗಳ ಜೊತೆಗೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರಪಂಚದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಪುರಾತತ್ವ ಸರ್ವೇಕ್ಷಣೆಯ ಸ್ಮಾರಕವಾದ್ದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಅಲ್ಲಿ ಮಕ್ಕಳಿಗೆ ಒಂದೇ ಕೆಲಸ ಕೊಡಿ: ರುಜು ಹುಡುಕುವುದು. ಹೊರಗೋಡೆಯ ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ಕನ್ನಡದಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಚಾಮೆಯ, ಮಸಣಿತಮ್ಮ, ಭಾರಮ ಮೊದಲಾದವರೂ ಇದ್ದಾರೆ. ವಿಗ್ರಹಗಳು ಕಣ್ಣಿನ ಮಟ್ಟದಲ್ಲೇ ಇರುವುದರಿಂದ ಪೀಠದ ಬರಹ ಮಕ್ಕಳಿಗೆ ಸಲೀಸಾಗಿ ಎಟುಕುತ್ತದೆ. ಒಂದು ಹೆಸರನ್ನು ಕಂಡುಹಿಡಿದ ಮಗು ವಿಗ್ರಹದ ಕಿರೀಟ, ಕೊರಳ ಹಾರ, ಬೆರಳುಗಳನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ದೇವರ ವಿಗ್ರಹವನ್ನು ಒಬ್ಬ ಮನುಷ್ಯ ಉಳಿ ಹಿಡಿದು ಮಾಡಿದ, ಅವನಿಗೂ ತನ್ನ ಹೆಸರು ಉಳಿಯಬೇಕೆಂಬ ಆಸೆ ಇತ್ತು ಎಂಬುದು ಅದರ ಮನಸ್ಸಿಗೆ ಇಳಿಯುತ್ತದೆ. ಹಾಗೆಯೇ ಗೋಡೆಯ ಬುಡದ ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಲಿ: ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸ. ಒಂದು ಗೋಡೆಯ ಒಂದು ಮೂಲೆ ಸಾಕು, ಇಡೀ ಗುಡಿ ಸುತ್ತಿ ಮುಗಿಸಬೇಕೆಂಬ ಹಟ ಬೇಡ.

ಮೂರು ವಸ್ತು ಸಾಕು

ಮೈಸೂರಿನ ಯಾವುದೇ ಸಂಗ್ರಹಾಲಯಕ್ಕೂ ಇದೇ ಮಾತು ಸಲ್ಲುತ್ತದೆ. ಒಂದು ದಿನಕ್ಕೆ ಒಂದೇ ಸಂಗ್ರಹಾಲಯ, ಒಂದು ಸಂಗ್ರಹಾಲಯದಲ್ಲಿ ಮೂರೇ ವಸ್ತು ಎಂದು ಮೊದಲೇ ತೀರ್ಮಾನಿಸಿಕೊಂಡು ಹೋದರೆ ಪ್ರವಾಸದ ಸ್ವರೂಪವೇ ಬದಲಾಗುತ್ತದೆ. ಮೇಷ್ಟ್ರು ಒಮ್ಮೆ ಮುಂಚಿತವಾಗಿ ಹೋಗಿ ನೋಡಿಕೊಂಡು ಬರಬೇಕು. ವಾರದ ರಜೆ ಯಾವತ್ತು, ದುರಸ್ತಿಗೆಂದು ಬಾಗಿಲು ಹಾಕಿದ ಕೋಣೆ ಯಾವುದು ಎಂದು ವಿಚಾರಿಸಬೇಕು. ಮಕ್ಕಳನ್ನು ಹತ್ತು ಹತ್ತರ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ವಸ್ತು ವಹಿಸಬೇಕು. ಫೋಟೊ ತೆಗೆಯುವ ಬದಲು ಚಿತ್ರ ಬರೆಯಲಿ. ಚಿತ್ರ ಬರೆಯಲು ಕೂತ ಕಣ್ಣು ಮಡಕೆಯ ಅಂಚಿನಲ್ಲಿ ಉಗುರಿನ ಗುರುತು ಕಾಣುತ್ತದೆ, ಕೊಡಲಿಯ ಬಾಯಿ ಒಂದು ಕಡೆ ಹೆಚ್ಚು ಸವೆದಿರುವುದನ್ನು ಕಾಣುತ್ತದೆ. ಇದನ್ನು ಯಾರು ಮಾಡಿದರು, ಏತರಿಂದ ಮಾಡಿದರು, ಯಾಕೆ ಮಾಡಿದರು, ಇಲ್ಲಿಗೆ ಹೇಗೆ ಬಂತು ಎಂಬ ನಾಲ್ಕು ಪ್ರಶ್ನೆ ಸಾಕು.

ಸಂಗ್ರಹಾಲಯಗಳ ಕಡೆಯಿಂದಲೂ ಕೆಲಸ ಆಗಬೇಕು. ವಸ್ತುವಿನ ಕೆಳಗಿನ ಚೀಟಿಯಲ್ಲಿ ಅದು ಸಿಕ್ಕ ಊರು, ತಾಲ್ಲೂಕು ಮಕ್ಕಳ ಕಣ್ಣಿಗೆ ಬೀಳುವಂತೆ ದೊಡ್ಡ ಅಕ್ಷರದ ಕನ್ನಡದಲ್ಲಿರಲಿ. ಟಿ. ನರಸೀಪುರದ ಮಗುವಿಗೆ ತನ್ನ ಊರಿನ ಹೆಸರು ದೂರದಿಂದಲೇ ಕಾಣಲಿ. ಮಣ್ಣಿನ ತಲೆಗೊರಗು, ಕಲ್ಲಿನ ಕೊಡಲಿಗಳ ಪ್ರತಿಕೃತಿ ಮಾಡಿಸಿ ಮಕ್ಕಳ ಕೈಗೆ ಕೊಡಲಿ. ವಿಶ್ವವಿದ್ಯಾಲಯದಲ್ಲಿ ಪುರಾತತ್ವ ಓದುವ ವಿದ್ಯಾರ್ಥಿಗಳು ಪ್ರವಾಸದ ತಿಂಗಳುಗಳಲ್ಲಿ ಸರದಿಯ ಮೇಲೆ ನಿಂತು ವಿವರಿಸಲಿ. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಮೇ 18ಕ್ಕೆ, ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಇರುವಾಗ ಬರುತ್ತದೆ. ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹ ಮಾತ್ರ ಶಾಲೆ ನಡೆಯುವ ಕಾಲದಲ್ಲೇ ಬರುತ್ತದೆ. ಎರಡು ತಾಲ್ಲೂಕುಗಳ ಶಾಲೆಗಳೂ ಆ ವಾರವನ್ನು ಊರಿನ ಕಲ್ಲು ನೋಡುವುದಕ್ಕೆ ಮೀಸಲಿಡಬಹುದು. ರಾಜ್ಯ ಪುರಾತತ್ವ ಇಲಾಖೆ ಶಾಲಾ ಮಕ್ಕಳಿಗಾಗಿ ನಡೆಸುವ 'ಪ್ರಾಚ್ಯಪ್ರಜ್ಞೆ' ಸ್ಪರ್ಧೆಗಳಿವೆ. ಪ್ರಬಂಧ, ಭಾಷಣಕ್ಕೆ ತಯಾರಾಗುವ ಮಗು ಗೈಡ್ ಪುಸ್ತಕದ ಬದಲು ತನ್ನೂರಿನ ಶಾಸನದ ಮೇಲೆ ಮಾತಾಡಿದರೆ ಅದರ ಸೊಗಸೇ ಬೇರೆ.

ಉಳಿಸುವವರು ಯಾರು

ಇದೆಲ್ಲ ಬರೀ ಪಾಠದ ಮಾತಲ್ಲ. ಊರಿನ ಕಲ್ಲುಗಳು ದಿನದಿನವೂ ಕಣ್ಮರೆಯಾಗುತ್ತಿವೆ. ರಸ್ತೆ ಅಗಲ ಮಾಡುವಾಗ ವೀರಗಲ್ಲು ಚರಂಡಿಗೆ ಬೀಳುತ್ತದೆ. ಗುಡಿ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಸಿಮೆಂಟು, ಆಯಿಲ್ ಪೇಂಟು ಬಳಿಯುತ್ತಾರೆ. ನಿಧಿಯ ಆಸೆಗೆ ರಾತ್ರಿ ಅಗೆದು ವಿಗ್ರಹ ಒಡೆಯುತ್ತಾರೆ. ಬಟ್ಟೆ ಒಗೆಯುವ ಕಲ್ಲಾಗಿ ಸವೆದುಹೋದ ಶಾಸನಗಳಿಗೆ ಲೆಕ್ಕವಿಲ್ಲ. ಇಲಾಖೆಯ ಕಾವಲುಗಾರ ಪ್ರತಿ ಊರಿನಲ್ಲೂ ಇರಲು ಸಾಧ್ಯವಿಲ್ಲ. ಆದರೆ ಪ್ರತಿ ಊರಿನಲ್ಲೂ ಶಾಲೆ ಇದೆ, ಮಕ್ಕಳಿದ್ದಾರೆ. ಒಂದು ಕಲ್ಲನ್ನು ಓದಿದ ಮಗು ಅದರ ಮೇಲೆ ಸುಣ್ಣ ಬಳಿಯಲು ಬಂದ ದೊಡ್ಡವರನ್ನು ತಡೆಯುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ಕೈಗೆತ್ತಿಕೊಂಡಿದೆ. ನಮ್ಮ ಹಳ್ಳಿಯ ಶಾಲೆಗಳಿಗೆ ಅಂಥ ಯಂತ್ರ ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಅಳತೆ ಟೇಪು, ಮೇಷ್ಟ್ರ ಮೊಬೈಲಿನ ಒಂದು ಫೋಟೊ ಇದ್ದರೆ ಊರಿನ ಕಲ್ಲುಗಳ ಪಟ್ಟಿ ಸಿದ್ಧವಾಗುತ್ತದೆ.

ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟು: ಈ ಸಲ ಪ್ರವಾಸದ ಬಸ್ಸು ಗೊತ್ತುಮಾಡುವ ಮೊದಲು ಒಂದು ಮಧ್ಯಾಹ್ನ ಮಕ್ಕಳನ್ನು ಊರಿನ ಶಾಸನದ ಕಲ್ಲಿಗೋ ವೀರಗಲ್ಲಿಗೋ ನಡೆಸಿಕೊಂಡು ಹೋಗಿ. ಅಲ್ಲಿ ಹುಟ್ಟಿದ ಪ್ರಶ್ನೆಗಳನ್ನು ಬರೆಸಿಕೊಂಡು ಮೈಸೂರಿನ ವಸ್ತುಸಂಗ್ರಹಾಲಯಕ್ಕೆ ಹೋಗಿ. ಹಿಂದಿರುಗಿದ ಮೇಲೆ ಊರಿನ ಕಲ್ಲುಗಳ ಪಟ್ಟಿಯ ಒಂದು ಪ್ರತಿ ಶಾಲೆಯಲ್ಲಿಟ್ಟು ಇನ್ನೊಂದನ್ನು ಗ್ರಾಮ ಪಂಚಾಯಿತಿಗೆ ಕೊಡಿ. ಪಂಚಾಯಿತಿಯ ಸದಸ್ಯರು ಆ ಪಟ್ಟಿಯನ್ನು ಕಡತದಲ್ಲಿ ಮುಚ್ಚಿಡದೆ, ಮುಂದಿನ ರಸ್ತೆ, ಚರಂಡಿ, ಗುಡಿ ಕಾಮಗಾರಿಗೆ ಗುದ್ದಲಿ ಪೂಜೆ ಮಾಡುವ ಮುನ್ನ ಒಮ್ಮೆ ತೆಗೆದು ನೋಡಲಿ.